ಫುಲ್‌ಫ್ರೇಮ್ ಲೆನ್ಸ್, ಕ್ರಾಪ್ ಕ್ಯಾಮೆರಾ: ನಿಜಕ್ಕೂ ಬದಲಾಗುವುದೇನು?

ಕ್ರಾಪ್ ಸೆನ್ಸರ್ ಕ್ಯಾಮೆರಾ (ಫೋಟೊ ಹಿಡಿಯುವ ಚಿಪ್, ಅಂದರೆ ಸೆನ್ಸರ್, ಫುಲ್‌ಫ್ರೇಮ್ ಕ್ಯಾಮೆರಾದ್ದಕ್ಕಿಂತ ಚಿಕ್ಕದಿರುವ ಕ್ಯಾಮೆರಾ) ಇರುವವರು 50 ಎಂಎಂ ಲೆನ್ಸ್ ಕೊಂಡ ಕೂಡಲೇ ಯಾರಾದರೂ ಹೇಳಿಯೇ ಹೇಳುತ್ತಾರೆ: "ಅದು ಫುಲ್‌ಫ್ರೇಮ್ ಲೆನ್ಸ್. ನಿನ್ನ ಕ್ಯಾಮೆರಾಗೆ ಹಾಕಿದ್ರೆ 75 ಆಗತ್ತೆ. ಕ್ಯಾಮೆರಾ ಜೊತೆ ಬಂದ ಕಿಟ್ ಲೆನ್ಸ್‌ಗಾದ್ರೆ ಈ ಲೆಕ್ಕ ಇಲ್ಲ." ಈ ಮಾತನ್ನು ನಂಬಿ ಎಷ್ಟೋ ಜನ ಲೆನ್ಸ್ ಆರಿಸುವಾಗಲೇ ಗೊಂದಲಕ್ಕೆ ಬೀಳುತ್ತಾರೆ.

ಪರೀಕ್ಷೆ ಮಾಡಿ ನೋಡುವುದು ಸುಲಭ. 18-55 ಕಿಟ್ ಲೆನ್ಸನ್ನು 50ಕ್ಕೆ ತಿರುಗಿಸಿ, ದೂರದ ಮನೆಯೊಂದರ ಫೋಟೊ ತೆಗೆಯಿರಿ. ನಿಂತ ಜಾಗ ಬಿಟ್ಟು ಕದಲದೆ 50 ಎಂಎಂ ಲೆನ್ಸ್ ಹಾಕಿ ಇನ್ನೊಂದು ತೆಗೆಯಿರಿ. ಎರಡರಲ್ಲೂ ಹೆಚ್ಚುಕಡಿಮೆ ಅಷ್ಟೇ ಮನೆ, ಅಷ್ಟೇ ಆಕಾಶ. 50 ಅಂದರೆ 50, ಲೆನ್ಸ್ ಯಾವ ಕ್ಯಾಮೆರಾಗೆಂದು ಮಾಡಿದ್ದರೂ ಸರಿ. ಈ ಎಂಎಂ ಸಂಖ್ಯೆ, ಅಂದರೆ ಫೋಕಲ್ ಲೆಂತ್, ನಿರ್ಧಾರವಾಗುವುದು ಗಾಜಿನ ಆಕಾರ ಮತ್ತು ಜೋಡಣೆಯಿಂದ. ಹಿಂದೆ ಕೂತ ಸೆನ್ಸರ್‌ಗೆ ಅದರಲ್ಲಿ ಪಾತ್ರವೇ ಇಲ್ಲ.

ಹಾಗಾದರೆ 75 ಎಲ್ಲಿಂದ ಬಂತು? ಲೆನ್ಸ್ ಕ್ಯಾಮೆರಾದೊಳಗೆ ಮೂಡಿಸುವ ಬಿಂಬ ದುಂಡಗಿರುತ್ತದೆ. ಫುಲ್‌ಫ್ರೇಮ್ ಸೆನ್ಸರ್ 36×24 ಮಿ.ಮೀ. 1925ರಲ್ಲಿ ಮಾರುಕಟ್ಟೆಗೆ ಬಂದ ಲೈಕಾ ಕ್ಯಾಮೆರಾ ಜನಪ್ರಿಯಗೊಳಿಸಿದ ಫಿಲಂ ಅಳತೆಯೂ ಇದೇ. ಅದರ ಮೂಲೆಯಿಂದ ಮೂಲೆಗೆ ಸುಮಾರು 43 ಮಿ.ಮೀ. ಬಿಂಬ ಅಷ್ಟಗಲ ಹರಡಬೇಕು. ನಿಕಾನ್‌ನ ಕ್ರಾಪ್ ಸೆನ್ಸರ್ ಸುಮಾರು 23.5×15.6 ಮಿ.ಮೀ. ಇರುತ್ತದೆ, ಕ್ಯಾನನ್‌ನದು ಇನ್ನೂ ಸ್ವಲ್ಪ ಚಿಕ್ಕದು. ಇಂಥ ಸೆನ್ಸರ್ ಬಿಂಬದ ನಡುವಿನ ಭಾಗವನ್ನಷ್ಟೇ ಹಿಡಿಯುತ್ತದೆ. ಫುಲ್‌ಫ್ರೇಮ್ ನಿಕಾನ್ ಕ್ರಾಪ್‌ನ ಸುಮಾರು ಒಂದೂವರೆ ಪಟ್ಟು ಅಗಲ. ಹಾಗಾಗಿ 50 ಎಂಎಂ ಹಾಕಿದಾಗ, ಫುಲ್‌ಫ್ರೇಮ್‌ನಲ್ಲಿ ಅದರ ಒಂದೂವರೆ ಪಟ್ಟು, ಅಂದರೆ 75 ಎಂಎಂ ಹಾಕಿದರೆ ಕಾಣುವಷ್ಟೇ ದೃಶ್ಯ ಉಳಿಯುತ್ತದೆ. ಕ್ಯಾನನ್‌ನಲ್ಲಾದರೆ 80 ಎಂಎಂನಷ್ಟು.

ಇದರಲ್ಲಿ ಒಂದು ಲಾಭವಿದೆ. ಲೆನ್ಸ್‌ಗಳು ಸಾಮಾನ್ಯವಾಗಿ ಸೋಲುವುದು ಅಂಚಿನಲ್ಲಿ: ಮೂಲೆ ಕಪ್ಪಾಗುತ್ತದೆ, ಗೆರೆ ಮಸುಕಾಗುತ್ತದೆ. ಆ ಭಾಗವೇ ಇಲ್ಲಿ ಹೊರಗುಳಿಯುತ್ತದೆ. ಆದರೆ 24 ಮೆಗಾಪಿಕ್ಸೆಲ್ ಕ್ರಾಪ್ ಸೆನ್ಸರ್‌ನ ಒಂದೊಂದು ಪಿಕ್ಸೆಲ್ ಸುಮಾರು 4 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಭಾಗವೇ ಒಂದು ಮೈಕ್ರಾನ್). ಅಷ್ಟೇ ಮೆಗಾಪಿಕ್ಸೆಲ್‌ನ ಫುಲ್‌ಫ್ರೇಮ್‌ನಲ್ಲಿ ಅದು 6 ಮೈಕ್ರಾನ್. ಫಿಲಂ ಕಾಲದ ಲೆನ್ಸ್‌ನ ಕುಂದುಗಳು ಈ ಸಣ್ಣ ಪಿಕ್ಸೆಲ್‌ಗಳಲ್ಲಿ ಇನ್ನೂ ಎದ್ದು ಕಾಣಬಹುದು.

ಹಕ್ಕಿ ಫೋಟೊ ತೆಗೆಯುವವರ ಲೆಕ್ಕವೂ ಈ ಪಿಕ್ಸೆಲ್‌ನಲ್ಲೇ ಇದೆ. ರಂಗನತಿಟ್ಟಿನ ದೋಣಿಯಲ್ಲಿ ಕೂತು 300 ಎಂಎಂ ಲೆನ್ಸ್ ಹಿಡಿದವರು "ನನಗೆ 450 ಸಿಗ್ತಿದೆ" ಅಂತ ಖುಷಿಪಡುತ್ತಾರೆ. ಸೆನ್ಸರ್ ಮೇಲೆ ಬೀಳುವ ಕೊಕ್ಕರೆ ಮಾತ್ರ ಎರಡು ಕ್ಯಾಮೆರಾದಲ್ಲೂ ಅಷ್ಟೇ ದೊಡ್ಡದು. ಆ ಕೊಕ್ಕರೆಯ ಮೇಲೆ ಎಷ್ಟು ಪಿಕ್ಸೆಲ್ ಕೂರುತ್ತವೆ ಅನ್ನುವುದೇ ಮುಖ್ಯ. ನಿಕಾನ್ ಡಿ500 ಕ್ರಾಪ್ ಕ್ಯಾಮೆರಾ, 20.9 ಮೆಗಾಪಿಕ್ಸೆಲ್. ಡಿ850 ಫುಲ್‌ಫ್ರೇಮ್, 45.7. ಡಿ850ಯ ನಡುವಿನ ಅಷ್ಟೇ ಭಾಗ ಕತ್ತರಿಸಿದರೆ ಸುಮಾರು 19.4 ಉಳಿಯುತ್ತದೆ. ವ್ಯತ್ಯಾಸ ಏನೂ ಇಲ್ಲ ಅನ್ನುವಷ್ಟು ಕಮ್ಮಿ. ಬದಲಿಗೆ 24 ಮೆಗಾಪಿಕ್ಸೆಲ್‌ನ ಫುಲ್‌ಫ್ರೇಮ್ ಆದರೆ ಉಳಿಯುವುದು 10 ಚಿಲ್ಲರೆ. ಆಗ ಕ್ರಾಪ್ ಕ್ಯಾಮೆರಾದ್ದೇ ಮೇಲುಗೈ. ಕಡಿಮೆ ದುಡ್ಡಲ್ಲಿ ಹಕ್ಕಿ ಫೋಟೊ ಶುರು ಮಾಡುವವರಿಗೆ ನಾನು ಕ್ರಾಪ್ ಕ್ಯಾಮೆರಾವನ್ನೇ ಹೇಳುವುದು ಇದಕ್ಕೇ.

ಮುಖದ ಫೋಟೊಗೂ 50 ಎಂಎಂ ಚೆನ್ನಾಗಿ ಒದಗುತ್ತದೆ. ದೃಶ್ಯ ಕಿರಿದಾದ್ದರಿಂದ ನಾವು ಒಂದೆರಡು ಹೆಜ್ಜೆ ಹಿಂದೆ ಹೋಗುತ್ತೇವೆ. ಮೂಗು ದಪ್ಪಗೆ ಕಾಣದಿರುವುದು ಆ ದೂರದಿಂದ, ಸೆನ್ಸರ್‌ನಿಂದಲ್ಲ.

ನಷ್ಟವಾಗುವುದು ಅಗಲದಲ್ಲಿ. 24 ಎಂಎಂ ಲೆನ್ಸ್ 36ರಷ್ಟೇ ತೋರಿಸುತ್ತದೆ. ಚಿಕ್ಕ ಕೋಣೆಯಲ್ಲಿ ಮನೆಮಂದಿಯೆಲ್ಲ ಹಿಡಿಸುವುದು ಕಷ್ಟ ಅಲ್ವಾ? ಅಂಥ ಕೆಲಸಕ್ಕೆ ಕ್ರಾಪ್‌ಗೆಂದೇ ಮಾಡಿದ 10-20ರಂಥ ಲೆನ್ಸ್ ಬೇಕು.

ಹಳೇ ನಿಕಾನ್ ಲೆನ್ಸ್ ಕೊಳ್ಳುವವರು ಇನ್ನೊಂದನ್ನು ನೋಡಿಕೊಳ್ಳಲೇಬೇಕು. ಡಿ3500, ಡಿ5600 ಥರದ ಕ್ಯಾಮೆರಾಗಳೊಳಗೆ ಫೋಕಸ್ ಮೋಟಾರ್ ಇಲ್ಲ. 50 ಎಂಎಂ ಎಫ್/1.8 ಡಿ ಹಾಕಿದರೆ ಕೈಯಲ್ಲೇ ತಿರುಗಿಸಿ ಫೋಕಸ್ ಮಾಡಬೇಕು. ಅದೇ ಲೆನ್ಸ್‌ನ ಜಿ ಮಾದರಿಯಲ್ಲಿ ಮೋಟಾರ್ ಲೆನ್ಸ್ ಒಳಗೇ ಇದೆ.