ಪರದೆಯ ಮೂಲೆಯಿಂದ ನಡುವಿಗೆ: ಸನ್ನೆ ಭಾಷೆಯ ಟಿವಿಯನ್ನು ನಡೆಸುವವರು ಯಾರು?

ಕಾಸರಗೋಡಿನ ಮನೆಗಳಲ್ಲಿ ಟಿವಿ ಎರಡು ಭಾಷೆ ಮಾತಾಡುತ್ತದೆ. ಮಳೆ ಜೋರಾದರೆ ನಾಳೆ ಶಾಲೆಗೆ ರಜೆ ಉಂಟಾ ಅಂತ ತಿಳಿಯಲು ಮಲಯಾಳ ಚಾನೆಲ್, ರಾತ್ರಿ ಧಾರಾವಾಹಿಗೆ ಕನ್ನಡ ಚಾನೆಲ್. ಮಂಜೇಶ್ವರ, ಕುಂಬಳೆ, ಬದಿಯಡ್ಕದ ಕಡೆ ಚಿಕ್ಕ ಮಕ್ಕಳಿಗೂ ಇದು ಅಭ್ಯಾಸ. ಆದರೆ ಮನೆಯಲ್ಲಿ ಕಿವುಡ ಮಗುವೊಂದಿದ್ದರೆ ಅದಕ್ಕೆ ಈ ಎರಡು ಚಾನೆಲ್‌ಗಳಲ್ಲಿ ವ್ಯತ್ಯಾಸವೇ ಇಲ್ಲ. ಎರಡರಲ್ಲೂ ಬಾಯಿ ಆಡುತ್ತದೆ, ಅಷ್ಟೆ. ರಜೆಯ ವಿಷಯ ಅದಕ್ಕೆ ತಿಳಿಯುವುದು ಅಮ್ಮ ಬ್ಯಾಗನ್ನು ಬದಿಗಿಟ್ಟಾಗ.

2011ರ ಜನಗಣತಿಯಲ್ಲಿ ಕಿವಿ ಕೇಳದವರೆಂದು ಲೆಕ್ಕಕ್ಕೆ ಸಿಕ್ಕವರು ದೇಶದಲ್ಲಿ 50 ಲಕ್ಷಕ್ಕೂ ಜಾಸ್ತಿ. ಇವರಿಗಾಗಿ ಟಿವಿ ಏನೂ ಮಾಡಿಲ್ಲ ಅಂತಲ್ಲ. ದೂರದರ್ಶನ 1987ರಲ್ಲೇ ಕಿವುಡರಿಗಾಗಿ ವಾರಕ್ಕೊಮ್ಮೆ ವಾರ್ತೆ ಶುರು ಮಾಡಿತು. ಖಾಸಗಿ ಚಾನೆಲ್‌ಗಳು ಇನ್ನೂ ಹುಟ್ಟದ ಕಾಲ ಅದು. ದೊಡ್ಡ ಹೆಜ್ಜೆಯೇ. ಆದರೆ ಅದರ ನಂತರ ದಶಕಗಳ ಕಾಲ ವಿಷಯ ಅಲ್ಲಿಂದ ಹೆಚ್ಚು ಮುಂದೆ ಹೋಗಲಿಲ್ಲ. ಕಾರಣಗಳು ಹಲವು ಇರಬಹುದು. ನನಗೆ ಮುಖ್ಯವಾಗಿ ಕಾಣುವುದು ಒಂದೇ: ಏನು ತೋರಿಸಬೇಕು, ಹೇಗೆ ತೋರಿಸಬೇಕು ಎಂದು ತೀರ್ಮಾನಿಸುವ ಕುರ್ಚಿಯಲ್ಲಿ ಕಿವುಡರು ಕೂರಲಿಲ್ಲ.

ಇದರಿಂದ ಏನಾಗುತ್ತದೆ ಅಂತ ನೋಡಬೇಕಾದರೆ ವಾರ್ತೆಯ ಮೂಲೆಯಲ್ಲಿರುವ ಆ ಪುಟ್ಟ ಚೌಕವನ್ನು ಹತ್ತಿರದಿಂದ ಗಮನಿಸಿ. ಸನ್ನೆ ಭಾಷೆ ಎಂದರೆ ಬರೀ ಕೈ ಅಲ್ಲ. ಹೌದು-ಅಲ್ಲ ಎಂಬ ಉತ್ತರ ಬೇಕಾದ ಪ್ರಶ್ನೆಗೆ ಹುಬ್ಬು ಮೇಲೇರುತ್ತದೆ, ತಲೆ ಸ್ವಲ್ಪ ಮುಂದೆ ಬಾಗುತ್ತದೆ. ಹುಬ್ಬು ಏರದಿದ್ದರೆ ಅದೇ ಕೈಸನ್ನೆ ಪ್ರಶ್ನೆಯಾಗುವುದಿಲ್ಲ, ಹೇಳಿಕೆಯಾಗುತ್ತದೆ. ವ್ಯಾಕರಣದ ಅರ್ಧಪಾಲು ಮುಖದಲ್ಲೇ ಇದೆ. ಈಗ ಆ ಮುಖವನ್ನು ಬೆಂಕಿಪೊಟ್ಟಣದಷ್ಟು ಚಿಕ್ಕದು ಮಾಡಿ, ಮೊಣಕೈ ಮಟ್ಟದಲ್ಲಿ ಬ್ರೇಕಿಂಗ್ ನ್ಯೂಸ್ ಪಟ್ಟಿ ಓಡಿಸಿದರೆ ನೋಡುವವರಿಗೆ ಏನು ಉಳಿಯಿತು? ಸನ್ನೆ ಭಾಷೆ ಬಲ್ಲ ಒಬ್ಬರು ಸ್ಟುಡಿಯೋದಲ್ಲಿ ಅಧಿಕಾರದ ಸ್ಥಾನದಲ್ಲಿದ್ದರೂ ಸಾಕು, ಆ ಪಟ್ಟಿ ಅಲ್ಲಿ ಓಡುತ್ತಿರಲಿಲ್ಲ.

ನಡೆಸುವವರು ಯಾರು ಎಂಬ ಈ ಪ್ರಶ್ನೆಗೆ ಸ್ಪಷ್ಟ ಉತ್ತರ ಹುಡುಕಿದ ದೇಶ ಬ್ರಿಟನ್. ಸುಲಭವಾಗಿ ಸಿಗಲಿಲ್ಲ. 1880ರಲ್ಲಿ ಇಟಲಿಯ ಮಿಲಾನ್‌ನಲ್ಲಿ ಸೇರಿದ ಶಿಕ್ಷಕರ ಸಮ್ಮೇಳನ, ಕಿವುಡ ಮಕ್ಕಳಿಗೆ ಸನ್ನೆಯಲ್ಲಿ ಕಲಿಸಬಾರದು, ಮಾತನ್ನೇ ಕಲಿಸಬೇಕು ಎಂದು ನಿರ್ಣಯ ಮಾಡಿತು. ಅಲ್ಲಿ ಮತ ಹಾಕಿದವರಲ್ಲಿ ಹೆಚ್ಚು ಕಡಿಮೆ ಎಲ್ಲರೂ ಕಿವಿ ಕೇಳುವವರೇ. ಯುರೋಪಿನ ಬಹಳಷ್ಟು ಶಾಲೆಗಳಲ್ಲಿ ಸನ್ನೆಗೆ ಜಾಗ ಇಲ್ಲದಂತಾಯಿತು. ಹತ್ತು ವರ್ಷದ ನಂತರ, 1890ರಲ್ಲಿ, ಕಿವುಡರ ಸಂಘ ಬ್ರಿಟನ್ನಿನಲ್ಲಿ ಹುಟ್ಟಿತು. ಅದಕ್ಕಾಗಿ ಓಡಾಡಿದ ಫ್ರಾನ್ಸಿಸ್ ಮ್ಯಾಗಿನ್ ಸ್ವತಃ ಕಿವುಡರು.

ಟಿವಿಯ ಸರದಿ ಬಂದದ್ದು ಬಹಳ ತಡವಾಗಿ. 1964ರಲ್ಲಿ ಬಿಬಿಸಿ ಕಿವುಡ ಮಕ್ಕಳನ್ನು ಮನಸ್ಸಿನಲ್ಲಿಟ್ಟು ಒಂದು ಕಾರ್ಯಕ್ರಮ ಶುರು ಮಾಡಿತು. ಚಿತ್ರ, ಮೂಕಾಭಿನಯ ಧಾರಾಳ. ಕಿವುಡರು ತಮ್ಮೊಳಗೆ ಆಡುವ ಭಾಷೆ ಮಾತ್ರ ಅದರಲ್ಲಿ ಅಪರೂಪ. 1979ರಲ್ಲಿ ಕಿವುಡರದೇ ಒಂದು ಸಂಘಟನೆ, ಸಾರ್ವಜನಿಕರಿಗೆ ಬಿಟ್ಟುಕೊಡುವ ಬಿಬಿಸಿಯ ಒಂದು ಅವಧಿಯನ್ನು ಪಡೆದು ತನ್ನದೇ ಕಾರ್ಯಕ್ರಮ ಮಾಡಿ ತೋರಿಸಿತು. ಎರಡು ವರ್ಷದಲ್ಲಿ, 1981ರ ಅಕ್ಟೋಬರ್‌ನಲ್ಲಿ, ಬಿಬಿಸಿಯ 'ಸೀ ಹಿಯರ್' ಬಂತು. ಕಿವುಡರ ಸುದ್ದಿ, ಕಿವುಡರ ಜಗಳ, ಕಿವುಡರ ಸಂಭ್ರಮ, ಎಲ್ಲವೂ ಸನ್ನೆಯಲ್ಲಿ ಮತ್ತು ಪರದೆಯ ಮೇಲಿನ ಅಕ್ಷರದಲ್ಲಿ.

ಮುಂದಿನದು ಕಾನೂನಿನ ದಾರಿ. 2003ರ ಸಂವಹನ ಕಾಯ್ದೆ ಚಾನೆಲ್‌ಗಳಿಗೆ ಗುರಿ ಕೊಟ್ಟಿತು: ಹತ್ತು ವರ್ಷದೊಳಗೆ ಶೇ. 80ರಷ್ಟು ಕಾರ್ಯಕ್ರಮಕ್ಕೆ ಅಕ್ಷರ, ಶೇ. 5ರಷ್ಟಕ್ಕೆ ಸನ್ನೆ. ಆ ಶೇ. 5ನ್ನು ಹಲವು ಚಾನೆಲ್‌ಗಳು ಮುಗಿಸಿದ್ದು ಹೇಗೆ? ನಡುರಾತ್ರಿ ಕಳೆದ ಮೇಲೆ ಹಳೆಯ ಕಾರ್ಯಕ್ರಮಗಳಿಗೆ ಮೂಲೆಯಲ್ಲಿ ದುಭಾಷಿಯನ್ನು ನಿಲ್ಲಿಸಿ ಮರುಪ್ರಸಾರ ಮಾಡಿ. ಲೆಕ್ಕ ಸರಿಯಾಯಿತು. ಬೆಳಿಗ್ಗೆ ಕೆಲಸಕ್ಕೆ ಹೋಗಬೇಕಾದ ಕಿವುಡರು ನಿದ್ದೆ ಕೆಟ್ಟು ನೋಡಬೇಕಾಯಿತು. ಇದು ನ್ಯಾಯವಾ?

ಚಿಕ್ಕ ಚಾನೆಲ್‌ಗಳ ಗೋಳು ಬೇರೆ ಇತ್ತು. ನೋಡುವವರು ಕಮ್ಮಿ, ದುಡ್ಡು ಕಮ್ಮಿ. 2007ರಲ್ಲಿ ಅಲ್ಲಿನ ಪ್ರಸಾರ ನಿಯಂತ್ರಕ ಸಂಸ್ಥೆ ಆಫ್‌ಕಾಮ್ ಹೊಸ ದಾರಿ ತೋರಿಸಿತು. ವೀಕ್ಷಕರ ಪಾಲು ಶೇ. 1ಕ್ಕಿಂತ ಕಡಿಮೆ ಇರುವ ಚಾನೆಲ್‌ಗಳು ತಿಂಗಳಿಗೆ 30 ನಿಮಿಷ ಪೂರ್ತಿ ಸನ್ನೆ ಭಾಷೆಯಲ್ಲೇ ನಿರೂಪಿಸಿದ ಕಾರ್ಯಕ್ರಮ ತೋರಿಸಬೇಕಿತ್ತು. ಆಗದಿದ್ದರೆ ಎಲ್ಲರೂ ಸೇರಿ ದುಡ್ಡು ಹಾಕಿ ಬೇರೆ ವ್ಯವಸ್ಥೆ ಮಾಡಬಹುದಿತ್ತು. ಹೀಗೆ 2008ರಲ್ಲಿ ಹುಟ್ಟಿದ್ದೇ ಬ್ರಿಟಿಷ್ ಸನ್ನೆ ಭಾಷಾ ಪ್ರಸಾರ ಟ್ರಸ್ಟ್.

ಈ ಟ್ರಸ್ಟ್ ತಾನೇ ಕ್ಯಾಮೆರಾ ಹಿಡಿಯುವುದಿಲ್ಲ. ಚಾನೆಲ್‌ಗಳಿಂದ ಬಂದ ದುಡ್ಡನ್ನು ನಿರ್ಮಾಣ ಸಂಸ್ಥೆಗಳಿಗೆ ಕೊಟ್ಟು ನಾಟಕ, ಹಾಸ್ಯ, ಸಾಕ್ಷ್ಯಚಿತ್ರ, ಮಕ್ಕಳ ಕಾರ್ಯಕ್ರಮ ಮಾಡಿಸುತ್ತದೆ. ಬಿಎಸ್‌ಎಲ್ (ಬ್ರಿಟಿಷ್ ಸನ್ನೆ ಭಾಷೆ) ಝೋನ್ ಎಂಬ ಹೆಸರಲ್ಲಿ ಅವು ಟಿವಿಯಲ್ಲಿ, ಇಂಟರ್‌ನೆಟ್‌ನಲ್ಲಿ ಬರುತ್ತವೆ. ಆಡಳಿತ ಮಂಡಳಿಯಲ್ಲಿ ಪ್ರಸಾರ ರಂಗದವರ ಜೊತೆ ಕಿವುಡರೂ ಇದ್ದಾರೆ. ಹಲವು ವರ್ಷ ಅದರ ಮುಖ್ಯ ಕಾರ್ಯನಿರ್ವಾಹಕರಾಗಿದ್ದ ಟೆರ್ರಿ ರೈಲಿ ಕಿವುಡರು. ಅದಕ್ಕೂ ಮೊದಲು 'ಸೀ ಹಿಯರ್' ತಂಡದಲ್ಲಿ ಪಳಗಿದವರು, ಕಿವುಡರ ಸಂಘದ ಅಧ್ಯಕ್ಷರೂ ಆಗಿದ್ದವರು. ಹೋರಾಟ, ಸ್ಟುಡಿಯೋ, ಹಣಕಾಸು ಮೂರನ್ನೂ ಕಂಡ ಮನುಷ್ಯ. ಯಾವ ಕಥೆಗೆ ದುಡ್ಡು ಕೊಡಬೇಕು ಎಂದು ಅಂಥವರು ಕೂತು ನಿರ್ಧರಿಸಿದಾಗ ಕಿವುಡ ಪಾತ್ರಕ್ಕೆ ಕಿವುಡ ನಟರೇ ಬರುತ್ತಾರೆ, ಕಿವುಡ ನಿರ್ದೇಶಕರು ಕೆಲಸ ಕಲಿಯುತ್ತಾರೆ, ಕ್ಯಾಮೆರಾ ಕೈಯನ್ನು ಕತ್ತರಿಸುವುದಿಲ್ಲ.

ದುಡ್ಡು ಕೊಟ್ಟು ಚಾನೆಲ್‌ಗಳು ಕೈತೊಳೆದುಕೊಳ್ಳುತ್ತವೆ, ಕಿವುಡರನ್ನು ಬೇರೊಂದು ಮೂಲೆಗೆ ಕೂರಿಸಿದಂತಾಗುತ್ತದೆ ಎಂಬ ಆಕ್ಷೇಪವೂ ಇದೆ. ಅದು ತಳ್ಳಿಹಾಕುವ ಮಾತಲ್ಲ. ಕಿವುಡರಿಗೂ ಎಲ್ಲರ ಜೊತೆ ಎಲ್ಲರ ವಾರ್ತೆ ಬೇಕು. ಆದರೂ ಅರ್ಥವಾಗದ ಮೂಲೆ ಚೌಕಕ್ಕಿಂತ ತಮ್ಮವರೇ ಮಾಡಿದ ಅರ್ಧ ಗಂಟೆ ಮೇಲು ಅಂತಲೇ ನನ್ನ ಅಭಿಪ್ರಾಯ. 2022ರಲ್ಲಿ ಬ್ರಿಟನ್ ತನ್ನ ಸನ್ನೆ ಭಾಷೆಗೆ ಕಾಯ್ದೆಯ ಮಾನ್ಯತೆಯನ್ನೂ ಕೊಟ್ಟಿತು.

ನಮ್ಮಲ್ಲೂ ಕಾಗದದ ಮೇಲೆ ಬಹಳಷ್ಟು ಇದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 42ನೇ ಸೆಕ್ಷನ್, ವಿದ್ಯುನ್ಮಾನ ಮಾಧ್ಯಮದಲ್ಲಿ ಸನ್ನೆ ಭಾಷೆಯೂ ಅಕ್ಷರವೂ ಸಿಗುವಂತೆ ನೋಡಿಕೊಳ್ಳಬೇಕು ಎನ್ನುತ್ತದೆ. 2019ರಲ್ಲಿ ವಾರ್ತಾ ಮತ್ತು ಪ್ರಸಾರ ಸಚಿವಾಲಯ ಟಿವಿಗೆಂದೇ ಮಾನದಂಡ ಹೊರಡಿಸಿತು. ಭಾರತೀಯ ಸನ್ನೆ ಭಾಷಾ ಸಂಶೋಧನೆ ಮತ್ತು ತರಬೇತಿ ಕೇಂದ್ರ 2015ರಲ್ಲಿ ದೆಹಲಿಯಲ್ಲಿ ಸ್ವತಂತ್ರ ಸಂಸ್ಥೆಯಾಯಿತು. ಅದರ ಹಿಂದೆ ಕಿವುಡರ ಸಂಘಟನೆಗಳ ಪ್ರತಿಭಟನೆ ಇತ್ತು. ಸುಮ್ನೆ ಸಿಕ್ಕಿದ್ದಲ್ಲ. ಅದು ತಂದ ಸನ್ನೆ ನಿಘಂಟು 2018ರಲ್ಲಿ 3,000 ಪದಗಳಿಂದ ಶುರುವಾಗಿ 2021ರ ಹೊತ್ತಿಗೆ 10,000 ಮುಟ್ಟಿತು. 2024ರ ಡಿಸೆಂಬರ್‌ನಲ್ಲಿ ಕೇಂದ್ರ ಸರಕಾರದ ಶಿಕ್ಷಣ ಯೋಜನೆ ಪಿಎಂ ಇ-ವಿದ್ಯಾದ 31ನೇ ಚಾನೆಲ್ ಪೂರ್ತಿ ಸನ್ನೆ ಭಾಷೆಗೆ ಮೀಸಲಾಯಿತು. ಒಳ್ಳೆಯ ಕೆಲಸ, ಆದರೆ ಅದು ಪಾಠದ ಚಾನೆಲ್. ಮಕ್ಕಳಿಗೆ ಪಾಠ ಮಾತ್ರ ಸಾಕಾ? ನಗು ಬೇಡವಾ, ಕಥೆ ಬೇಡವಾ?

ಕಾಸರಗೋಡಿನವರಿಗೆ ಇದು ಇನ್ನೂ ಹತ್ತಿರದ ವಿಷಯ. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ನಮ್ಮದು. ಬಯಲಾಟಕ್ಕೆ ಹೋದ ಕಿವುಡ ಹುಡುಗನಿಗೆ ವೇಷ ಕಾಣುತ್ತದೆ, ಕುಣಿತ ಕಾಣುತ್ತದೆ, ಚೆಂಡೆಯ ಪೆಟ್ಟು ಎದೆಗೂ ತಾಗುತ್ತದೆ. ಅರ್ಥಗಾರಿಕೆ ಮಾತ್ರ ತಲುಪುವುದಿಲ್ಲ. ಅದು ಅಲ್ಲೇ, ಆ ಕ್ಷಣಕ್ಕೆ ಹುಟ್ಟುವ ಮಾತು, ಮೊದಲೇ ಬರೆದಿಟ್ಟು ಪರದೆಗೆ ಹಾಕುವಂತಿಲ್ಲ. ಪ್ರಸಂಗ ಗೊತ್ತಿರುವ, ಸನ್ನೆ ಭಾಷೆಯೂ ಗೊತ್ತಿರುವ ಒಬ್ಬರು ಪಕ್ಕದಲ್ಲಿ ಬೇಕು. ಅಂಥವರನ್ನು ತಯಾರು ಮಾಡುವ ಯೋಚನೆ ಕಿವುಡರನ್ನು ಬಿಟ್ಟು ಬೇರೆ ಯಾರ ತಲೆಗೆ ಬಂದೀತು?

ಭಾಷೆಯ ಗಡಿ ಇಲ್ಲಿ ಅಡ್ಡಿಯೂ ಅಲ್ಲ. ಭಾರತೀಯ ಸನ್ನೆ ಭಾಷೆಯಲ್ಲಿ ಊರಿಂದ ಊರಿಗೆ ಕೆಲವು ಸನ್ನೆ ಬೇರೆಯಾದರೂ ವ್ಯಾಕರಣ ಬಹುಮಟ್ಟಿಗೆ ಒಂದೇ. ಕನ್ನಡ ಮನೆಯ ಮಗುವೂ ಮಲಯಾಳ ಮನೆಯ ಮಗುವೂ ಅದೇ ಸನ್ನೆಯನ್ನು ನೋಡಬಹುದು. ಬೇರೆಯಾಗಬೇಕಾದ್ದು ಕೆಳಗಿನ ಅಕ್ಷರ ಮಾತ್ರ, ಒಂದರಲ್ಲಿ ಕನ್ನಡ, ಇನ್ನೊಂದರಲ್ಲಿ ಮಲಯಾಳ.

ಹಾಗಾಗಿ ಬ್ರಿಟನ್ನಿನ ಚಿಕ್ಕ ಚಾನೆಲ್‌ಗಳ ಒಪ್ಪಂದ ನಮ್ಮ ಗಡಿನಾಡಿನ ಕೇಬಲ್ ಚಾನೆಲ್‌ಗಳಿಗೆ ಚೆನ್ನಾಗಿ ಹೊಂದುತ್ತದೆ. ಒಂದೊಂದೇ ಚಾನೆಲ್ ದುಭಾಷಿಯನ್ನು ಇಟ್ಟುಕೊಳ್ಳುವುದು ಕಷ್ಟ, ನಿಜ. ಎಲ್ಲರೂ ಸೇರಿ ದುಡ್ಡು ಹಾಕಿದರೆ ವಾರಕ್ಕೊಂದು ಜಿಲ್ಲಾ ವಾರ್ತೆ ಮಾಡಿ ಎಲ್ಲ ಕಡೆ ತೋರಿಸಬಹುದು. ಪರದೆಯ ನಡುವೆ ನಿಂತು ಸುದ್ದಿ ಹೇಳುವವರು ಕಿವುಡರೇ ಆಗಿರಲಿ. ಚೆರ್ಕಳದಲ್ಲಿ ಮಾರ್ ಥೋಮಾ ಕಿವುಡರ ಶಾಲೆ ಇದೆ, ಕಲಿತು ಹೊರಬಂದ ಯುವಕ ಯುವತಿಯರು ಇದ್ದಾರೆ. ಸಮಿತಿ ಮಾಡುವ ದಿನ ಅವರನ್ನು ಸನ್ಮಾನಕ್ಕೆ ಕರೆಯುವುದು ಬೇಡ. ಅಧ್ಯಕ್ಷತೆಯನ್ನೂ ಲೆಕ್ಕದ ಪುಸ್ತಕವನ್ನೂ ಅವರ ಕೈಗೆ ಕೊಡಿ. ಕಿವಿ ಕೇಳುವ ಸದಸ್ಯರಿಗೆ ಸಭೆ ಅರ್ಥವಾಗಲು ಒಬ್ಬ ದುಭಾಷಿಯನ್ನು ಕರೆಸಿದರಾಯಿತು.