ಕೈಬರಹ ನನ್ನದೇ, ಆದರೆ ನಡೆದದ್ದು ಹಾಗಲ್ಲ

1986ರ ಜನವರಿ 28ರಂದು ಫ್ಲಾರಿಡಾದ ಕರಾವಳಿಯಿಂದ ಮೇಲೆದ್ದ ಚಾಲೆಂಜರ್ ಬಾಹ್ಯಾಕಾಶ ನೌಕೆ 73 ಸೆಕೆಂಡುಗಳಲ್ಲಿ ಆಕಾಶದಲ್ಲೇ ಛಿದ್ರವಾಯಿತು. ಅದರಲ್ಲಿದ್ದ ಏಳು ಮಂದಿಯೂ ತೀರಿಕೊಂಡರು. ಅವರಲ್ಲಿ ಒಬ್ಬರಾದ ಕ್ರಿಸ್ಟಾ ಮೆಕಾಲಿಫ್ ಶಾಲಾ ಶಿಕ್ಷಕಿ. ಬಾಹ್ಯಾಕಾಶದಿಂದ ಪಾಠ ಮಾಡಬೇಕಿದ್ದ ಆಕೆಯನ್ನು ನೋಡಲೆಂದೇ ಅಮೆರಿಕದ ಎಷ್ಟೋ ಶಾಲೆಗಳಲ್ಲಿ ಮಕ್ಕಳು ಟಿ.ವಿ. ಮುಂದೆ ಕುಳಿತಿದ್ದರು.

ಮರುದಿನ ಬೆಳಿಗ್ಗೆ ಅಟ್ಲಾಂಟಾದ ಎಮೊರಿ ವಿಶ್ವವಿದ್ಯಾಲಯದಲ್ಲಿ ಮನೋವಿಜ್ಞಾನದ ತರಗತಿಗೆ ಬಂದ 106 ವಿದ್ಯಾರ್ಥಿಗಳ ಕೈಗೆ ಒಂದು ಪ್ರಶ್ನಾವಳಿ ಸಿಕ್ಕಿತು. ಸುದ್ದಿ ಯಾರಿಂದ ತಿಳಿಯಿತು? ಆಗ ಎಲ್ಲಿದ್ದಿರಿ? ಏನು ಮಾಡುತ್ತಿದ್ದಿರಿ? ಜೊತೆಯಲ್ಲಿ ಯಾರಿದ್ದರು? ಎಷ್ಟು ಹೊತ್ತಾಗಿತ್ತು? ಘಟನೆ ನಡೆದು ಇನ್ನೂ ಒಂದು ದಿನವೂ ಕಳೆದಿರಲಿಲ್ಲ. ಬರೆದುಕೊಟ್ಟ ಹಾಳೆಗಳನ್ನು ಅಲ್ರಿಕ್ ನೈಸರ್ ಮತ್ತು ನಿಕೋಲ್ ಹಾರ್ಷ್ ಎಂಬ ಸಂಶೋಧಕರು ತೆಗೆದಿಟ್ಟರು. ಎರಡೂವರೆ ವರ್ಷ ಅವುಗಳ ಸುದ್ದಿ ಎತ್ತಲಿಲ್ಲ.

ಅವರು ಪರೀಕ್ಷೆಗೆ ಒಡ್ಡಲು ಹೊರಟಿದ್ದ ನಂಬಿಕೆ ಬಹಳ ಹಳೆಯದು. ಅಧ್ಯಕ್ಷ ಲಿಂಕನ್ ಹತ್ಯೆಯ ಸುದ್ದಿ ತಿಳಿದಾಗ ಎಲ್ಲಿದ್ದಿರೆಂದು ಕೇಳಿ ಎಫ್. ಡಬ್ಲ್ಯು. ಕೋಲ್‌ಗ್ರೋವ್ ಎಂಬವರು 1899ರಲ್ಲೇ 179 ಮಂದಿಯ ಉತ್ತರಗಳನ್ನು ಪ್ರಕಟಿಸಿದ್ದರು. ಹತ್ಯೆ ನಡೆದು ಮೂರು ದಶಕಗಳೇ ಕಳೆದಿದ್ದರೂ ಅವರಲ್ಲಿ 127 ಮಂದಿ ಜಾಗ, ಹೊತ್ತು, ಸುದ್ದಿ ತಂದವರು ಎಲ್ಲವನ್ನೂ ವಿವರವಾಗಿ ಹೇಳಿದ್ದರು. 1977ರಲ್ಲಿ ರೋಜರ್ ಬ್ರೌನ್ ಮತ್ತು ಜೇಮ್ಸ್ ಕುಲಿಕ್ ಇಂಥ ನೆನಪುಗಳಿಗೆ ‘ಫ್ಲಾಷ್‌ಬಲ್ಬ್ ನೆನಪು’ ಎಂದು ಹೆಸರಿಟ್ಟರು. ಕತ್ತಲಲ್ಲಿ ಕ್ಯಾಮೆರಾದ ಬಲ್ಬ್ ಒಮ್ಮೆ ಬೆಳಗಿದಾಗ ಎದುರಿಗಿದ್ದದ್ದೆಲ್ಲವೂ ಬೇಕು ಬೇಡವೆನ್ನದೆ ಪಟದಲ್ಲಿ ಮೂಡುವ ಹಾಗೆ, ಆಘಾತದ ಸುದ್ದಿ ಕಿವಿಗೆ ಬಿದ್ದ ಕ್ಷಣವೂ ಮಿದುಳಿನಲ್ಲಿ ಅಚ್ಚಾಗುತ್ತದೆ ಎಂಬುದು ಅವರ ವಾದ.

ಆ ಪ್ರಬಂಧದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆಯೇ ಒಂದು ಅಂಶ. ಬ್ರೌನ್ ಮತ್ತು ಕುಲಿಕ್ ಮಾತನಾಡಿಸಿದ್ದು 40 ಕಪ್ಪು ಅಮೆರಿಕನ್ನರನ್ನು ಮತ್ತು 40 ಬಿಳಿಯರನ್ನು. ಅಧ್ಯಕ್ಷ ಕೆನಡಿ ಹತ್ಯೆಯ ಸುದ್ದಿ ಕೇಳಿದ ಗಳಿಗೆ ಒಬ್ಬರನ್ನು ಬಿಟ್ಟು ಉಳಿದೆಲ್ಲರಿಗೂ ನೆನಪಿತ್ತು. ಮಾರ್ಟಿನ್ ಲೂಥರ್ ಕಿಂಗ್ ಹತ್ಯೆಯ ಬಗ್ಗೆ ಕೇಳಿದಾಗ ಮಾತ್ರ ಕಪ್ಪು ಜನರಲ್ಲಿ ಮುಕ್ಕಾಲು ಪಾಲು ಹಾಗೆ ನೆನಪಿಟ್ಟಿದ್ದರು, ಬಿಳಿಯರಲ್ಲಿ ಮೂರನೇ ಒಂದು ಪಾಲು. ಸಾವು ಒಂದೇ, ದೇಶ ಒಂದೇ, ಅದು ಯಾರ ಮನೆಯ ಸಾವು ಎಂಬ ಲೆಕ್ಕ ಬೇರೆ ಬೇರೆ. ದುರಂತ ನಮಗೆ ಹತ್ತಿರದ್ದೋ ದೂರದ್ದೋ ಎಂಬುದನ್ನು ಮನಸ್ಸು ಬರೀ ಮೈಲಿಗಳಲ್ಲಿ ಅಳೆಯುವುದಿಲ್ಲ.

ಬ್ರೌನ್ ಮತ್ತು ಕುಲಿಕ್ ಅವರ ಅಧ್ಯಯನದಲ್ಲಿ ಒಂದು ದೊಡ್ಡ ಕೊರತೆಯಿತ್ತು. ಜನ ಹೇಳಿದ್ದು ನಿಜವೇ ಎಂದು ತಾಳೆ ನೋಡಲು ಅವರ ಬಳಿ ಏನೂ ಇರಲಿಲ್ಲ. ಎಮೊರಿಯ ಹಾಳೆಗಳು ತುಂಬಿದ್ದು ಆ ಕೊರತೆಯನ್ನೇ.

1988ರಲ್ಲಿ ಅದೇ ವಿದ್ಯಾರ್ಥಿಗಳಲ್ಲಿ 44 ಮಂದಿ ಅದೇ ಪ್ರಶ್ನೆಗಳಿಗೆ ಮತ್ತೊಮ್ಮೆ ಉತ್ತರಿಸಿದರು. ಎರಡು ಉತ್ತರಗಳು ಎಷ್ಟು ಹೊಂದುತ್ತವೆಂದು ಏಳಕ್ಕೆ ಅಂಕ ಕೊಟ್ಟಾಗ ಸರಾಸರಿ ಮೂರೂ ತುಂಬಲಿಲ್ಲ. ಹನ್ನೊಂದು ಮಂದಿಗೆ ಸೊನ್ನೆ ಬಂತು. ಪೂರ್ತಿ ಏಳು ಅಂಕ ಸಿಕ್ಕಿದ್ದು ಮೂವರಿಗೆ. ತಮ್ಮ ನೆನಪಿನ ಮೇಲೆ ಎಷ್ಟು ಭರವಸೆಯಿದೆ ಎಂದು ಕೇಳಿದ್ದಕ್ಕೆ ಮಾತ್ರ ಅವರೆಲ್ಲ ಸರಾಸರಿ ಐದಕ್ಕೆ ನಾಲ್ಕಕ್ಕಿಂತ ಹೆಚ್ಚು ಕೊಟ್ಟುಕೊಂಡಿದ್ದರು.

ಅವರಲ್ಲಿ ಒಬ್ಬ ವಿದ್ಯಾರ್ಥಿನಿಯ ಎರಡು ಉತ್ತರಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಬೇಕು. ಮರುದಿನ ಬೆಳಿಗ್ಗೆ ಬರೆದದ್ದು: ಧರ್ಮಶಾಸ್ತ್ರದ ತರಗತಿಯಲ್ಲಿದ್ದೆ, ಯಾರೋ ಕೆಲವರು ಒಳಗೆ ಬಂದು ಅದರ ಬಗ್ಗೆ ಮಾತನಾಡತೊಡಗಿದರು, ನೌಕೆ ಸ್ಫೋಟಗೊಂಡಿತೆಂಬುದೂ ಆ ಶಿಕ್ಷಕಿಯ ವಿದ್ಯಾರ್ಥಿಗಳು ಅದನ್ನು ನೋಡುತ್ತಿದ್ದರೆಂಬುದೂ ಅಷ್ಟೇ ತಿಳಿಯಿತು, ತರಗತಿ ಮುಗಿದ ಮೇಲೆ ಕೋಣೆಗೆ ಹೋಗಿ ಟಿ.ವಿ. ನೋಡಿದೆ. ಎರಡೂವರೆ ವರ್ಷದ ನಂತರ ಬರೆದದ್ದು: ಹಾಸ್ಟೆಲ್ ಕೋಣೆಯಲ್ಲಿ ಗೆಳತಿಯ ಜೊತೆ ಟಿ.ವಿ. ನೋಡುತ್ತಿದ್ದೆ, ನಡುವೆ ಸುದ್ದಿ ಬಂತು, ಇಬ್ಬರೂ ದಂಗಾದೆವು, ಮಹಡಿಯ ಮೇಲಿದ್ದ ಇನ್ನೊಬ್ಬರ ಬಳಿಗೆ ಹೋದೆ, ಆಮೇಲೆ ಅಪ್ಪ ಅಮ್ಮನಿಗೆ ಫೋನ್ ಮಾಡಿದೆ. ತರಗತಿಯ ಸುಳಿವೇ ಇಲ್ಲ. ಅಂದು ಟಿ.ವಿ. ಅವಳ ದಿನದಲ್ಲಿ ನಿಜವಾಗಿಯೂ ಇತ್ತು, ಆದರೆ ಎರಡನೆಯ ಹೆಜ್ಜೆಯಾಗಿ. ನೆನಪು ಅದನ್ನು ಮೊದಲಿಗೆ ತಂದು ಕೂರಿಸಿತು. ಇದು ಅವಳೊಬ್ಬಳ ಕಥೆಯಲ್ಲ. ಮೊದಲ ಸಲ ಐದರಲ್ಲಿ ಒಬ್ಬರಷ್ಟು ಮಾತ್ರ ಟಿ.ವಿ.ಯಿಂದ ಸುದ್ದಿ ತಿಳಿಯಿತು ಎಂದಿದ್ದರು, ಎರಡನೆಯ ಸಲ ಹತ್ತಿರಹತ್ತಿರ ಅರ್ಧದಷ್ಟು ಜನ ಹಾಗೆ ಹೇಳಿದರು.

ಮುಂದಿನ ವರ್ಷ ಸಂದರ್ಶನದಲ್ಲಿ ಅವರ ಹಳೆಯ ಹಾಳೆಗಳನ್ನೇ ಎದುರಿಗಿಟ್ಟು ತೋರಿಸಲಾಯಿತು. ತಮ್ಮ ಅಕ್ಷರ ನೋಡಿದ ಮೇಲಾದರೂ ಹಳೆಯ ನೆನಪು ಮರಳುತ್ತದೆ ಎಂದು ಸಂಶೋಧಕರು ಎಣಿಸಿದ್ದರು. ಅದು ಮರಳಲಿಲ್ಲ. ಬರಹ ನನ್ನದೇ, ಆದರೆ ನಡೆದದ್ದು ಹಾಗಲ್ಲ ಎಂಬ ಧಾಟಿಯಲ್ಲಿ ಮಾತನಾಡಿದವರೂ ಇದ್ದರು.

ನೈಸರ್ ಈ ಅನುಮಾನಕ್ಕೆ ಬಂದದ್ದು ತಮ್ಮದೇ ಒಂದು ನೆನಪಿನಿಂದ. 1941ರ ಡಿಸೆಂಬರ್ 7ರಂದು ಪರ್ಲ್ ಹಾರ್ಬರ್ ಮೇಲೆ ದಾಳಿ ನಡೆದಾಗ ಅವರು ಹುಡುಗ. ಮನೆಯಲ್ಲಿ ರೇಡಿಯೊದಲ್ಲಿ ಬೇಸ್‌ಬಾಲ್ ಪಂದ್ಯದ ವರದಿ ಕೇಳುತ್ತಿದ್ದಾಗ ಅದನ್ನು ನಿಲ್ಲಿಸಿ ದಾಳಿಯ ಸುದ್ದಿ ಹೇಳಿದರು, ಅಮ್ಮನಿಗೆ ತಿಳಿಸಲು ತಾನು ಮಹಡಿಗೆ ಓಡಿದೆ ಎಂದು ಎಷ್ಟೋ ವರ್ಷ ನಂಬಿದ್ದರು. ಅಮೆರಿಕದಲ್ಲಿ ಡಿಸೆಂಬರ್ ತಿಂಗಳಲ್ಲಿ ಬೇಸ್‌ಬಾಲ್ ಆಡುವುದೇ ಇಲ್ಲ ಎಂಬುದು ಅವರಿಗೆ ಹೊಳೆದದ್ದು ತೀರಾ ತಡವಾಗಿ. ಅಂದು ರೇಡಿಯೊದಲ್ಲಿ ಬಂದದ್ದು ಫುಟ್‌ಬಾಲ್ ಪಂದ್ಯವಿರಬೇಕು ಎಂದು ಇತರ ಸಂಶೋಧಕರು ಆಮೇಲೆ ತೋರಿಸಿಕೊಟ್ಟರು. ಆಡಿದ ತಂಡಗಳ ಹೆಸರು ಜೈಂಟ್ಸ್ ಮತ್ತು ಡಾಡ್ಜರ್ಸ್, ಆಗಿನ ನ್ಯೂಯಾರ್ಕ್‌ನ ಬೇಸ್‌ಬಾಲ್ ತಂಡಗಳಿಗಿದ್ದ ಹೆಸರುಗಳೇ.

ಹಾಗಾದರೆ ಇಂಥ ನೆನಪು ಸಾಮಾನ್ಯ ನೆನಪಿಗಿಂತ ಯಾವುದರಲ್ಲಿ ಬೇರೆ? 2001ರ ಸೆಪ್ಟೆಂಬರ್ 11ರ ದಾಳಿಯ ಮರುದಿನವೇ ಡ್ಯೂಕ್ ವಿಶ್ವವಿದ್ಯಾಲಯದ ಜೆನಿಫರ್ ಟಾಲರಿಕೊ ಮತ್ತು ಡೇವಿಡ್ ರೂಬಿನ್ 54 ವಿದ್ಯಾರ್ಥಿಗಳಿಂದ ಎರಡು ನೆನಪುಗಳನ್ನು ಬರೆಸಿಕೊಂಡರು. ಒಂದು ದಾಳಿಯ ಸುದ್ದಿ ಕೇಳಿದ್ದು, ಇನ್ನೊಂದು ಆ ವಾರದ ಆಸುಪಾಸಿನ ಯಾವುದೋ ಮಾಮೂಲಿ ಘಟನೆ. ವಾರಗಳು ಕಳೆದು 32ನೆಯ ವಾರದ ಹೊತ್ತಿಗೆ ಎರಡೂ ನೆನಪುಗಳು ಒಂದೇ ಪ್ರಮಾಣದಲ್ಲಿ ಸವೆದಿದ್ದವು. ಮಾಮೂಲಿ ಘಟನೆಯ ವಿಷಯದಲ್ಲಿ ವಿದ್ಯಾರ್ಥಿಗಳ ಭರವಸೆಯೂ ಅದರ ಜೊತೆಗೇ ಇಳಿದಿತ್ತು, ದಾಳಿಯ ವಿಷಯದಲ್ಲಿ ಇಳಿದಿರಲಿಲ್ಲ. ಭಾವನೆ ಗಟ್ಟಿ ಮಾಡಿದ್ದು ವಿವರವನ್ನಲ್ಲ, ನಂಬಿಕೆಯನ್ನು. ಈ ಕ್ಷೇತ್ರದ ಅತ್ಯಂತ ಮುಖ್ಯವಾದ ಫಲಿತಾಂಶ ಇದೇ ಎಂದು ನನಗೆ ಅನಿಸುತ್ತದೆ.

ಮಿದುಳಿನಲ್ಲಿ ಇದಕ್ಕೆ ಒಂದು ಆಧಾರವಿದೆ. ಭಯ, ಆಘಾತಗಳಿಗೆ ಮಿಡಿಯುವ ಅಮಿಗ್ಡಲಾ ಎಂಬ ಭಾಗ, ನೆನಪನ್ನು ಕಟ್ಟುವ ಹಿಪೊಕ್ಯಾಂಪಸ್‌ನ ಕೆಲಸವನ್ನು ಚುರುಕುಗೊಳಿಸುತ್ತದೆ. ದಾಳಿಯಾಗಿ ಮೂರು ವರ್ಷಗಳ ಮೇಲೆ ತಾಲಿ ಶರೋತ್ ಮತ್ತು ಸಂಗಡಿಗರು ನ್ಯೂಯಾರ್ಕ್‌ನ 24 ಮಂದಿಯನ್ನು ಸ್ಕ್ಯಾನರ್‌ನಲ್ಲಿಟ್ಟು ಆ ದಿನವನ್ನು ನೆನೆಯಲು ಹೇಳಿದರು. ಅವಳಿ ಗೋಪುರಗಳ ಸಮೀಪದಲ್ಲಿದ್ದವರಲ್ಲಿ ಅಮಿಗ್ಡಲಾ ವಿಶೇಷವಾಗಿ ಚುರುಕಾಯಿತು. ಅದೇ ನಗರದಲ್ಲಿ ಕೆಲವೇ ಮೈಲಿ ದೂರವಿದ್ದವರಲ್ಲಿ ಅಷ್ಟು ಆಗಲಿಲ್ಲ. ಹೊಗೆಯನ್ನು ಉಸಿರಾಡಿದವರ ನೆನಪೂ ಸುದ್ದಿ ಕೇಳಿದವರ ನೆನಪೂ ಒಂದೇ ಅಲ್ಲ.

ನೆನಪು ತಪ್ಪಿದವರನ್ನು ಸುಳ್ಳುಗಾರರೆಂದು ಕರೆಯುವ ಅವಸರ ನನಗೆ ನೋವು ತರುತ್ತದೆ. ಫ್ಲಾರಿಡಾದ ಶಾಲೆಯೊಂದರ ತರಗತಿಗೆ ಹೋಗುವ ಮುನ್ನ ಮೊದಲ ವಿಮಾನ ಗೋಪುರಕ್ಕೆ ಅಪ್ಪಳಿಸಿದ್ದನ್ನು ಟಿ.ವಿ.ಯಲ್ಲಿ ನೋಡಿದೆ ಎಂದು ಅಧ್ಯಕ್ಷ ಜಾರ್ಜ್ ಬುಷ್ ಒಂದಕ್ಕಿಂತ ಹೆಚ್ಚು ಸಲ ಹೇಳಿದರು. ಆ ಹೊತ್ತಿಗೆ ಅಂಥ ದೃಶ್ಯ ಯಾವ ವಾಹಿನಿಯಲ್ಲೂ ಬಂದಿರಲಿಲ್ಲ. ಒಳಸಂಚಿನ ಕಥೆ ಕಟ್ಟುವವರಿಗೆ ಇಷ್ಟೇ ಸಾಕಾಯಿತು. ಎಮೊರಿಯ ಹುಡುಗಿಗೆ ಆದದ್ದೇ ಅವರಿಗೂ ಆಗಿತ್ತು: ಆಮೇಲೆ ನೂರಾರು ಸಲ ಕಂಡ ಚಿತ್ರ ಮೊದಲ ಗಳಿಗೆಯೊಳಕ್ಕೆ ಸೇರಿಕೊಂಡಿತ್ತು. 1992ರಲ್ಲಿ ಆಮ್‌ಸ್ಟರ್‌ಡಾಮ್‌ನಲ್ಲಿ ಸರಕು ವಿಮಾನವೊಂದು ವಸತಿ ಕಟ್ಟಡಕ್ಕೆ ಬಡಿದದ್ದನ್ನು ಟಿ.ವಿ.ಯಲ್ಲಿ ನೋಡಿದ್ದೀರಾ ಎಂದು ಸಂಶೋಧಕರು ಕೇಳಿದಾಗ ಅರ್ಧಕ್ಕಿಂತ ಹೆಚ್ಚು ಡಚ್ಚರು ಹೌದೆಂದರು. ಬಡಿದ ಕ್ಷಣದ ಚಿತ್ರೀಕರಣವೇ ಇರಲಿಲ್ಲ.

ಸೆಪ್ಟೆಂಬರ್ 11ರ ನೆನಪುಗಳನ್ನು ಹತ್ತು ವರ್ಷ ಹಿಂಬಾಲಿಸಿದ ವಿಲಿಯಂ ಹರ್ಸ್ಟ್, ಎಲಿಜಬೆತ್ ಫೆಲ್ಪ್ಸ್ ಮತ್ತಿತರರು ಕಂಡುಕೊಂಡ ಪ್ರಕಾರ ಮರೆವಿನ ಬಹುಪಾಲು ಮೊದಲ ವರ್ಷದಲ್ಲೇ ಮುಗಿಯುತ್ತದೆ. ಅಷ್ಟರಲ್ಲಿ ರೂಪುಗೊಂಡ ಕಥೆ, ಸರಿಯಿರಲಿ ತಪ್ಪಿರಲಿ, ಮುಂದೆ ಹೆಚ್ಚು ಬದಲಾಗದೆ ಉಳಿಯುತ್ತದೆ. ಎಲ್ಲಕ್ಕಿಂತ ಕೆಟ್ಟದಾಗಿ ನೆನಪಿರುವುದು ಅಂದು ಮನಸ್ಸಿಗೆ ಏನಾಯಿತು ಎಂಬುದು. ಎಲ್ಲಿದ್ದೆವು ಎಂಬುದನ್ನು ಅದಕ್ಕಿಂತ ಚೆನ್ನಾಗಿ ಹೇಳುತ್ತೇವೆ.

ನಮ್ಮಲ್ಲಿ ನಲವತ್ತು ದಾಟಿದ ಎಷ್ಟೋ ಮಂದಿಗೆ ಕಲ್ಪನಾ ಚಾವ್ಲಾ ಸಾವಿನ ಸುದ್ದಿ ಇಂಥದ್ದೊಂದು ನೆನಪು. ಕರ್ನಾಟಕ ಸರ್ಕಾರ ಯುವ ವಿಜ್ಞಾನಿ ಮಹಿಳೆಯರಿಗಾಗಿ ಆಕೆಯ ಹೆಸರಿನಲ್ಲಿ ಪ್ರಶಸ್ತಿ ಸ್ಥಾಪಿಸುವಷ್ಟು ಆ ಸಾವು ಇಲ್ಲಿ ತಟ್ಟಿತ್ತು. ಈ ನೆನಪನ್ನು ಕೊಂಚ ಮಟ್ಟಿಗೆ ಪರೀಕ್ಷಿಸಲು ಬರುತ್ತದೆ. ಆಕೆಯಿದ್ದ ಕೊಲಂಬಿಯಾ ನೌಕೆ ಟೆಕ್ಸಾಸ್‌ನ ಆಕಾಶದಲ್ಲಿ ಒಡೆದದ್ದು 2003ರ ಫೆಬ್ರವರಿ 1, ಶನಿವಾರ, ನಮ್ಮ ಗಡಿಯಾರದಲ್ಲಿ ಸಂಜೆ ಏಳೂವರೆಯ ಹೊತ್ತಿಗೆ. ಅಂದು ಭಾರತದಲ್ಲಿದ್ದೂ ನಿಮ್ಮ ನೆನಪಿನಲ್ಲಿ ಹಗಲಿದ್ದರೆ, ಶಾಲೆಯ ತರಗತಿಯೋ ಕಚೇರಿಯೋ ಕಾಣುತ್ತಿದ್ದರೆ, ನಿಮಗೆ ಸುದ್ದಿ ತಿಳಿದದ್ದು ಭಾನುವಾರವೋ ಸೋಮವಾರವೋ ಇರಬೇಕು, ಇಲ್ಲವೇ ಬೇರೆ ಯಾವುದೋ ದಿನ ಅದರೊಂದಿಗೆ ಬೆರೆತಿರಬೇಕು. ಬೆಂಗಳೂರಿನಲ್ಲಿದ್ದ ಅಣ್ಣ ರಾತ್ರಿ ಊಟದ ಹೊತ್ತೆಂದೂ ನ್ಯೂಜೆರ್ಸಿಯಲ್ಲಿದ್ದ ತಂಗಿ ಬೆಳಗಿನ ಕಾಫಿಯ ಹೊತ್ತೆಂದೂ ಹೇಳಿದರೆ, ಅವರಿಬ್ಬರ ಮಾತೂ ಸರಿಯಿರಬಹುದು.