ದೊಡ್ಡ ಬೈಕು ಬಲಗೈಯಿಂದ ಕೇಳುವುದೇನು

ಮೊದಲ ಬೈಕಿನಲ್ಲಿ ಕೈ ಪಳಗಿದ ಮೇಲೆ ದೊಡ್ಡದೊಂದನ್ನು ಕೊಳ್ಳಲು ಹೊರಟವರು ಮೊದಲು ನೋಡುವುದು ಸಿಸಿಯನ್ನು. 150 ಓಡಿಸಿದ್ದಾಯಿತು, ಇನ್ನು 400 ತೆಗೆದುಕೊಳ್ಳುವುದೋ 650 ತೆಗೆದುಕೊಳ್ಳುವುದೋ ಎಂಬ ಲೆಕ್ಕ. ಆದರೆ ಸಿಸಿ ಹೇಳುವುದು ಪಿಸ್ಟನ್ ಓಡಾಡುವ ಜಾಗದ ಅಳತೆಯನ್ನು ಮಾತ್ರ. ರಾಯಲ್ ಎನ್‌ಫೀಲ್ಡ್ ಇಂಟರ್‌ಸೆಪ್ಟರ್ 650 ಮತ್ತು ಹೋಂಡಾ ಸಿಬಿಆರ್650ಆರ್, ಎರಡರ ಎಂಜಿನ್ನೂ 650 ಸಿಸಿಯ ಹತ್ತಿರದ್ದು, ಎರಡರ ತೂಕವೂ 200 ಕಿಲೋ ದಾಟಿದ್ದು. ಆದರೆ ಮೊದಲನೆಯದರ ಶಕ್ತಿ ಸುಮಾರು 47 ಹಾರ್ಸ್‌ಪವರ್; ಎರಡನೆಯದರದು ಹೆಚ್ಚುಕಡಿಮೆ ಅದರ ಎರಡು ಪಟ್ಟು. ಎಂಜಿನ್ನಿನ ತಿರುಗಿಸುವ ಬಲವಾದ ಟಾರ್ಕ್‌ನಲ್ಲಿ ಇಷ್ಟು ಅಂತರವಿಲ್ಲ: ಒಂದರದು 52 ನ್ಯೂಟನ್ ಮೀಟರ್, ಇನ್ನೊಂದರದು 63ರ ಆಸುಪಾಸು. ಟಾರ್ಕನ್ನು ಎಂಜಿನ್ ತಿರುಗುವ ವೇಗದಿಂದ ಗುಣಿಸಿದರೆ ಶಕ್ತಿ ಸಿಗುತ್ತದೆ. ಎರಡು ಸಿಲಿಂಡರಿನ ಇಂಟರ್‌ಸೆಪ್ಟರ್ ನಿಮಿಷಕ್ಕೆ 7,000 ಸುತ್ತು ದಾಟುತ್ತಲೇ ತನ್ನ ಗರಿಷ್ಠ ಶಕ್ತಿ ಮುಟ್ಟುತ್ತದೆ. ನಾಲ್ಕು ಸಿಲಿಂಡರಿನ ಹೋಂಡಾ 12,000 ಸುತ್ತಿನವರೆಗೂ ಏರುತ್ತದೆ.

ಹಾಗಾಗಿಯೇ ಯುರೋಪಿನ ಮಧ್ಯಮ ದರ್ಜೆಯ ಎ2 ಲೈಸೆನ್ಸಿಗೆ ಸಿಸಿಯ ಮಿತಿಯೇ ಇಲ್ಲ. ಅಲ್ಲಿ ಮುಖ್ಯವಾಗಿ ನೋಡುವುದು ಎರಡನ್ನು: ಶಕ್ತಿ 35 ಕಿಲೋವ್ಯಾಟ್ ಮೀರಬಾರದು, ಬೈಕಿನ ಪ್ರತಿ ಕಿಲೋ ತೂಕಕ್ಕೆ 0.2 ಕಿಲೋವ್ಯಾಟ್ ಮೀರಬಾರದು. 35 ಕಿಲೋವ್ಯಾಟ್ ಎಂದರೆ ಸುಮಾರು 47 ಹಾರ್ಸ್‌ಪವರ್. ಅಂಥ ಕಾನೂನು ಇಲ್ಲದ ಕಡೆಯೂ ಎರಡನೇ ಬೈಕಿಗೆ ಇದು ಒಳ್ಳೆಯ ಅಳತೆಗೋಲು. 15 ಹಾರ್ಸ್‌ಪವರಿನಿಂದ ನೇರವಾಗಿ 95ಕ್ಕೆ ಜಿಗಿಯುವ ಬದಲು ನಡುವೆ 40–47ರ ಒಂದು ಮೆಟ್ಟಿಲು ಇರಲಿ. ಯಾಕೆ ಎಂಬುದು ಮೊದಲ ಗೇರಿನ ಲೆಕ್ಕದಲ್ಲಿದೆ.

150 ಸಿಸಿಯ ಒಂದು ಸಾಮಾನ್ಯ ಬೈಕನ್ನು ತೆಗೆದುಕೊಳ್ಳೋಣ. ಟಾರ್ಕ್ 13 ನ್ಯೂಟನ್ ಮೀಟರ್. ಎಂಜಿನ್ನಿನಿಂದ ಹಿಂದಿನ ಚಕ್ರದವರೆಗೆ ಮೊದಲ ಗೇರಿನಲ್ಲಿ ವೇಗ ಸುಮಾರು 29 ಪಟ್ಟು ತಗ್ಗುತ್ತದೆ, ಟಾರ್ಕ್ ಅಷ್ಟೇ ಪಟ್ಟು ಹಿಗ್ಗುತ್ತದೆ. ದಾರಿಯಲ್ಲಿ ಶೇಕಡಾ 10ರಷ್ಟು ನಷ್ಟ ಕಳೆದರೆ, 30 ಸೆಂಟಿಮೀಟರ್ ತ್ರಿಜ್ಯದ ಚಕ್ರ ನೆಲವನ್ನು ಸುಮಾರು 1,130 ನ್ಯೂಟನ್ ಬಲದಿಂದ ಹಿಂದಕ್ಕೆ ತಳ್ಳುತ್ತದೆ. ಬೈಕು, ಸವಾರ ಸೇರಿ 215 ಕಿಲೋ ಎಂದರೆ ವೇಗವರ್ಧನೆ ಸೆಕೆಂಡಿನ ವರ್ಗಕ್ಕೆ 5.3 ಮೀಟರ್. ಅದೂ ಗಂಟೆಗೆ 35 ಕಿಲೋಮೀಟರ್ ಬರುವಷ್ಟರಲ್ಲಿ ಎಂಜಿನ್ ಕಿರುಚತೊಡಗುತ್ತದೆ, ಎರಡನೇ ಗೇರ್ ಹಾಕಲೇಬೇಕು.

ಈಗ 65 ನ್ಯೂಟನ್ ಮೀಟರ್ ಟಾರ್ಕಿನ 650. ಮೊದಲ ಗೇರಿನ ಒಟ್ಟು ಅನುಪಾತ 15.5, ಬೈಕು ಮತ್ತು ಸವಾರ ಸೇರಿ 265 ಕಿಲೋ. ಚಕ್ರವೂ ತುಸು ದೊಡ್ಡದು. ಅದರ ತಳ್ಳು ಸುಮಾರು 2,900 ನ್ಯೂಟನ್, ವೇಗವರ್ಧನೆ 10.9. ಗುರುತ್ವಾಕರ್ಷಣೆಯದು 9.8 ಎಂಬುದನ್ನು ನೆನಪಿಡಿ. ಚಕ್ರಗಳ ನಡುವಿನ ಅಂತರ 1,400 ಮಿಲಿಮೀಟರ್, ಸವಾರನೂ ಸೇರಿದ ಗುರುತ್ವ ಕೇಂದ್ರ ಸರಿಯಾಗಿ ನಡುವೆ, ನೆಲದಿಂದ 680 ಮಿಲಿಮೀಟರ್ ಎತ್ತರದಲ್ಲಿ ಇದ್ದರೆ ವೇಗವರ್ಧನೆ 10.1 ದಾಟುತ್ತಲೇ ಮುಂದಿನ ಚಕ್ರ ನೆಲ ಬಿಡುತ್ತದೆ. ಅಂದರೆ ಆಕ್ಸಿಲರೇಟರನ್ನು ಪೂರ್ತಿ ತಿರುಗಿಸುವ ಹಳೆಯ ಅಭ್ಯಾಸವೊಂದೇ ಸಾಕು, ಈ ಬೈಕಿನ ಮುಂಭಾಗ ಎದ್ದು ನಿಲ್ಲಲು. ಇದೇ ಮೊದಲ ಗೇರ್ ಗಂಟೆಗೆ 75 ಕಿಲೋಮೀಟರ್ ದಾಟುವವರೆಗೂ ಎಳೆಯುತ್ತದೆ.

ಆಕ್ಸಿಲರೇಟರಿನ ತಿರುವೂ ನೇರ ಅನುಪಾತದಲ್ಲಿ ಕೆಲಸ ಮಾಡುವುದಿಲ್ಲ. 3,000 ಸುತ್ತಿನಲ್ಲಿರುವ ಎಂಜಿನ್ನಿಗೆ ಬೇಕಾಗುವ ಗಾಳಿಯೇ ಕಡಿಮೆ. ದೊಡ್ಡ ಎಂಜಿನ್ನಿನ ಗಾಳಿಯ ಬಾಯಿಯೋ ಅಗಲ. ಕವಾಟ ಕಾಲುಭಾಗ ತೆರೆದರೂ ಆ ವೇಗದಲ್ಲಿ ಬೇಕಾದ ಗಾಳಿಯ ಬಹುಪಾಲು ಒಳಗೆ ನುಗ್ಗುತ್ತದೆ. ಆದ್ದರಿಂದ ತಿರುವಿನ ಮೊದಲ ಕೆಲವು ಡಿಗ್ರಿಗಳಲ್ಲೇ ದೊಡ್ಡ ಪಾಲು ಬಲ ಅಡಗಿರುತ್ತದೆ. ಬೈಕು ಹಠಾತ್ತನೆ ಮುಂದಕ್ಕೆ ಜಿಗಿದರೆ ಸವಾರನ ಮೈ ಹಿಂದಕ್ಕೆ ವಾಲುತ್ತದೆ, ಹ್ಯಾಂಡಲ್ ಹಿಡಿದ ಕೈ ಆ ಎಳೆತಕ್ಕೆ ಆಕ್ಸಿಲರೇಟರನ್ನು ಇನ್ನಷ್ಟು ತಿರುಗಿಸುತ್ತದೆ, ಬೈಕು ಇನ್ನಷ್ಟು ಜಿಗಿಯುತ್ತದೆ. ಹೊಸ ಸವಾರರು ಹೆದರಿ ಗಟ್ಟಿಯಾಗಿ ಹಿಡಿದುಕೊಳ್ಳುತ್ತಾರೆ. ಅದರಿಂದ ಈ ಸರಪಳಿ ತುಂಡಾಗುವುದಿಲ್ಲ, ಬಿಗಿಯಾಗುತ್ತದೆ. ಮೊಣಕಾಲುಗಳಿಂದ ಟ್ಯಾಂಕನ್ನು ಅವುಚಿ ಹಿಡಿದು ಮೈಯ ಭಾರವನ್ನು ಕಾಲು, ಸೊಂಟಗಳಿಗೆ ಕೊಡಬೇಕು. ಮೊಣಕೈ ಸಡಿಲವಾಗಿರಲಿ, ಹೊರಡುವಾಗ ಮಣಿಕಟ್ಟು ಗೆಣ್ಣುಗಳಿಗಿಂತ ತುಸು ಕೆಳಗಿರಲಿ. ಹಾಗಿದ್ದರೆ ಕೈ ಎಳೆದುಕೊಂಡರೂ ಇನ್ನಷ್ಟು ತಿರುಗಿಸಲು ಜಾಗ ಉಳಿದಿರುವುದಿಲ್ಲ. ಬೈಕಿನಲ್ಲಿ ಎಂಜಿನ್ನಿನ ಬಲವನ್ನು ಮೃದುವಾಗಿ ಬಿಡುವ ಮಳೆಯ ಮೋಡ್ (ರೈನ್ ಮೋಡ್) ಇದ್ದರೆ ಮೊದಲ ಕೆಲವು ನೂರು ಕಿಲೋಮೀಟರ್ ಅದರಲ್ಲೇ ಓಡಿಸಿ.

ಮುಂದಿನ ಬ್ರೇಕೂ ಇದೇ ಬಲಗೈಯದು. ಗಂಟೆಗೆ 60 ಕಿಲೋಮೀಟರ್ ವೇಗದಿಂದ ಚೆನ್ನಾಗಿ ಬ್ರೇಕ್ ಹಾಕಿದರೆ ಒಣ ರಸ್ತೆಯಲ್ಲಿ ನಿಲ್ಲಲು ಸುಮಾರು 18 ಮೀಟರ್ ಬೇಕು. 100ರಿಂದಾದರೆ 49 ಮೀಟರ್. ಬ್ರೇಕಿಗೆ ಕೈ ಹೋಗುವ ಮೊದಲ ಒಂದು ಸೆಕೆಂಡಿನ ಓಟ ಸೇರಿಸಿದರೆ 34 ಮತ್ತು 77. ದೊಡ್ಡ ಬೈಕಿನ ಜೋಡಿ ಡಿಸ್ಕುಗಳು ಎರಡು ಬೆರಳಿಗೇ ಈ ಕೆಲಸ ಮಾಡಿಕೊಡುತ್ತವೆ, ಆದರೆ ಒಂದು ಷರತ್ತಿದೆ. ನೇರ ಓಟದಲ್ಲಿ ಮುಂದಿನ ಟೈರಿನ ಮೇಲಿರುವುದು ಅರ್ಧ ಭಾರ. ಜೋರು ಬ್ರೇಕಿನಲ್ಲಿ ಭಾರ ಮುಂದಕ್ಕೆ ಸರಿದು ಶೇಕಡಾ 90ರ ಹತ್ತಿರ ಹೋಗುತ್ತದೆ, ಹಿಡಿತವೂ ಅದರೊಂದಿಗೆ ಏರುತ್ತದೆ. ಈ ಸರಿಯುವಿಕೆಗೆ, ಮುಂದಿನ ಚಕ್ರ ಹಿಡಿದಿರುವ ಫೋರ್ಕ್ ಕುಸಿದು ಟೈರ್ ಚಪ್ಪಟೆಯಾಗುವುದಕ್ಕೆ, ಅರೆ ಕ್ಷಣ ಬೇಕು. ಅದಕ್ಕೂ ಮೊದಲೇ ಲಿವರನ್ನು ಗಬಕ್ಕನೆ ಹಿಡಿದರೆ ಅರ್ಧ ಭಾರದ ಟೈರಿನ ಮೇಲೆ ಪೂರ್ತಿ ಬಲ ಬೀಳುತ್ತದೆ, ಚಕ್ರ ಕಚ್ಚಿಕೊಂಡು ಜಾರುತ್ತದೆ. ಮೊದಲು ಹಗುರಾಗಿ ಒತ್ತಿ, ಮುಂಭಾಗ ಕುಸಿದದ್ದು ಕೈಗೆ ತಿಳಿದ ಮೇಲೆ ಬಿಗಿಸುತ್ತ ಹೋಗಿ. ಚಕ್ರ ಕಚ್ಚಿಕೊಳ್ಳದಂತೆ ತಡೆಯುವ ಎಬಿಎಸ್ ಇದ್ದರೂ ಈ ಕ್ರಮ ಬಿಡಬೇಡಿ. ಸಾಮಾನ್ಯ ಎಬಿಎಸ್ ಕಾಯುವುದು ನೆಟ್ಟಗಿರುವ ಬೈಕನ್ನು. ವಾಲಿದ ಬೈಕಿಗೆ ವಾಲಿಕೆ ಅಳೆಯುವ ಸಂವೇದಕವಿರುವ ಬೇರೆ ಬಗೆಯದು ಬೇಕು. ಖಾಲಿ ಮೈದಾನದಲ್ಲಿ 30ರಿಂದ ಶುರುಮಾಡಿ, ಹತ್ತು ಹತ್ತು ಏರಿಸುತ್ತ 60ರವರೆಗೆ ನಿಲ್ಲಿಸಿ ಕಲಿಯಿರಿ. ಪ್ರತಿ ಹಂತದಲ್ಲೂ ನಿಂತ ಜಾಗಕ್ಕೆ ಗುರುತು ಹಾಕಿದರೆ ಸುಧಾರಣೆ ಕಣ್ಣಿಗೇ ಕಾಣುತ್ತದೆ.

ತಿರುವಿನಲ್ಲಿ ಮೋಸ ಮಾಡುವುದು ಸದ್ದಿಲ್ಲದೆ ಏರಿದ ವೇಗ. 50 ಮೀಟರ್ ತ್ರಿಜ್ಯದ ತಿರುವಿಗೆ 60ರಲ್ಲಿ ಬಂದರೆ ಸುಮಾರು 30 ಡಿಗ್ರಿ ವಾಲಬೇಕು, 80ರಲ್ಲಿ ಬಂದರೆ 45. ಸಣ್ಣ ಬೈಕಿನಲ್ಲಿ 80 ಎಂದರೆ ಎಂಜಿನ್ ಅಬ್ಬರಿಸಿ ಎಚ್ಚರಿಸುತ್ತಿತ್ತು. ದೊಡ್ಡದರಲ್ಲಿ ಅದು ಗುನುಗಿನಷ್ಟೇ. ಸ್ಪೀಡೋಮೀಟರನ್ನು ತಿರುವಿಗೆ ಮುಂಚೆಯೇ ನೋಡಿ, ಬ್ರೇಕನ್ನೂ ಅಲ್ಲೇ ಮುಗಿಸಿ. ಅಗಲ ಟೈರಿನ ನೆಲ ಮುಟ್ಟುವ ಭಾಗ ವಾಲಿದ ಕಡೆಗೇ ಸರಿಯುವುದರಿಂದ ಅದೇ ತಿರುವಿಗೆ ದೊಡ್ಡ ಬೈಕು ತುಸು ಹೆಚ್ಚೇ ವಾಲಬೇಕಾಗುತ್ತದೆ.

ಬೀಳುವುದು ಹೆಚ್ಚಾಗಿ ನಿಂತಾಗ. 210 ಕಿಲೋ ಬೈಕು 10 ಡಿಗ್ರಿ ವಾಲಿದರೆ ಹ್ಯಾಂಡಲಿನಲ್ಲಿ ತಡೆಯಲು ಸುಮಾರು 22 ಕಿಲೋ ಬಲ ಬೇಕು, 20 ಡಿಗ್ರಿಗೆ 43, 30ಕ್ಕೆ 60ರ ಮೇಲೆ. 20 ದಾಟಿದ ಮೇಲೆ ಹೋರಾಡಿ ಬೆನ್ನು ಉಳುಕಿಸಿಕೊಳ್ಳಬೇಡಿ, ಬಿಟ್ಟು ಪಕ್ಕಕ್ಕೆ ಸರಿಯಿರಿ. ಹ್ಯಾಂಡಲ್ ತಿರುಗಿಸಿಕೊಂಡೇ ಮುಂದಿನ ಬ್ರೇಕ್ ಹಿಡಿದು ನಿಲ್ಲಿಸುವುದು ಈ ಬೀಳುವಿಕೆಗೆ ಸಾಮಾನ್ಯ ಕಾರಣ. ನಡಿಗೆಯ ವೇಗದಲ್ಲಿ ಹಿಂದಿನ ಬ್ರೇಕನ್ನೇ ಬಳಸಿ, ಕ್ಲಚ್ಚನ್ನು ಅರ್ಧ ಹಿಡಿತದಲ್ಲಿಡಿ.

ಬೈಕು ಕೈಗೆ ಬಂದ ದಿನವೇ ಆಗಬೇಕಾದ ಕೆಲಸಗಳೂ ಇವೆ. ಆಕ್ಸಿಲರೇಟರ್ ಹಿಡಿಯ ಸಡಿಲು ಸಾಮಾನ್ಯವಾಗಿ 2–3 ಮಿಲಿಮೀಟರಿಗಿಂತ ಹೆಚ್ಚಿರಬಾರದು. ಚೈನಿನ ಸಡಿಲು ಅದಕ್ಕೆ ಸೇರಿಕೊಂಡರೆ ಕೈ ಮುಚ್ಚಿ ತೆರೆದಾಗಲೆಲ್ಲ ಬೈಕು ಕುಕ್ಕುತ್ತದೆ. ಹಾಗೆಂದು ಚೈನನ್ನು ಅತಿ ಬಿಗಿ ಮಾಡಿದರೆ ಹಿಂದಿನ ಸಸ್ಪೆನ್ಶನ್ ಕುಸಿದಾಗ ಅದು ಇನ್ನೂ ಬಿಗಿದು ಗೇರ್‌ಬಾಕ್ಸಿನ ಬೇರಿಂಗನ್ನು ತಿನ್ನುತ್ತದೆ. ಬಹಳಷ್ಟು ರಸ್ತೆ ಬೈಕುಗಳಿಗೆ 25–35 ಮಿಲಿಮೀಟರ್ ಆಟ ಸರಿ, ನಿಮ್ಮದಕ್ಕೆಷ್ಟು ಎಂಬುದು ಕೈಪಿಡಿಯಲ್ಲಿರುತ್ತದೆ. ಎಂಜಿನ್ ಆಯಿಲ್ ಜಪಾನಿನ ವಾಹನ ಮಾನದಂಡವಾದ ಜಾಸೋದ ಎಂಎ ಅಥವಾ ಎಂಎ2 ಗುರುತಿನದೇ ಆಗಿರಲಿ. ಕಾರಿನ ಆಯಿಲ್‌ಗಳಲ್ಲಿ ಬೆರೆಸುವ ಘರ್ಷಣೆ ಇಳಿಸುವ ರಾಸಾಯನಿಕಗಳು ಆಯಿಲ್‌ನಲ್ಲೇ ಮುಳುಗಿರುವ ಬೈಕಿನ ಕ್ಲಚ್ಚನ್ನು ಜಾರಿಸುತ್ತವೆ. ಹೊಸ ಟೈರನ್ನು ಮೊದಲ 150 ಕಿಲೋಮೀಟರ್ ಹೆಚ್ಚು ವಾಲಿಸಬೇಡಿ. ಇನ್ನು, ನೀವು ಕೂತಾಗ ಸಸ್ಪೆನ್ಶನ್ ತನ್ನ ಒಟ್ಟು ಚಲನೆಯ ಕಾಲುಭಾಗದಿಂದ ಮೂರನೇ ಒಂದು ಭಾಗದಷ್ಟು ಇಳಿಯಬೇಕು: 120 ಮಿಲಿಮೀಟರಿನದಾದರೆ 30–40. ಹೆಚ್ಚು ಇಳಿದರೆ ಸ್ಪ್ರಿಂಗಿನ ಪ್ರೀಲೋಡ್, ಅಂದರೆ ಅದನ್ನು ಮೊದಲೇ ಅದುಮಿಟ್ಟಿರುವ ಪ್ರಮಾಣ, ಬಿಗಿಸಿ.

ಹಿಂದೆ ಯಾರನ್ನಾದರೂ ಕೂರಿಸಿಕೊಳ್ಳುವುದು ಇವೆಲ್ಲ ಕೈಗೆ ಹತ್ತಿದ ಮೇಲೆಯೇ ಆಗಲಿ. 60 ಕಿಲೋ ತೂಕದವರು ಹಿಂದೆ ಕೂತರೆ ಮೇಲೆ ಹೇಳಿದ ಬೈಕಿನ ಗುರುತ್ವ ಕೇಂದ್ರ ಸುಮಾರು 10 ಸೆಂಟಿಮೀಟರ್ ಹಿಂದಕ್ಕೂ 7 ಸೆಂಟಿಮೀಟರ್ ಮೇಲಕ್ಕೂ ಸರಿಯುತ್ತದೆ. ಮುಂದಿನ ಚಕ್ರ ಏಳುವ ಮಿತಿ 10.1ರಿಂದ ಸುಮಾರು 7.8ಕ್ಕಿಳಿಯುತ್ತದೆ. ಪ್ರೀಲೋಡನ್ನು ಮತ್ತೆ ಬಿಗಿಸಬೇಕು, ಹಿಂದಿನ ಟೈರಿನ ಗಾಳಿಯನ್ನು ಕೈಪಿಡಿಯಲ್ಲಿ ಇಬ್ಬರಿಗೆ ಹೇಳಿರುವ ಮಟ್ಟಕ್ಕೆ, ಟೈರ್ ತಣ್ಣಗಿರುವಾಗಲೇ ಏರಿಸಬೇಕು. ಬೆನ್ನಿಗೊರಗದೆ ಸವಾರನ ಸೊಂಟ ಹಿಡಿದು ಕೂರಲು, ತಿರುವಿನಲ್ಲಿ ಸವಾರ ವಾಲಿದ ಕಡೆಗೇ ವಾಲಲು ಅವರಿಗೆ ಹೊರಡುವ ಮೊದಲೇ ಹೇಳಿರಿ.